ಬೀರುವಿನ ಎರಡನೇ ಕೀಲಿ

ನವೆಂಬರ್ ೧೨, ಬುಧವಾರ

ಆ ಮಾಸ್ಕ್ ಬೆಳಗಿನಿಂದ ತಲೆ ಬಿಟ್ಟು ಹೋಗುತ್ತಿಲ್ಲ. ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವರಿಗೆ ದಿನಾ ಹೊಸ ಮಾಸ್ಕು, ಕೈಗವಸು ತೆಗೆದುಕೊಡುವ ಕೈ ನನ್ನದು. ಇವತ್ತು ಬೀರುವಿನಲ್ಲಿದ್ದ ಡಬ್ಬಿಯಿಂದ ತೆಗೆದ ಮಾಸ್ಕು ಥಿನ್ನರ್ ವಾಸನೆ ಹೊಡೆಯಿತು. ಒಳಗೆ ನೀಲಿ ಧೂಳು. ಬಳಸಿದ್ದನ್ನು ಯಾರೋ ನೀಟಾಗಿ ಮಡಚಿ ಹೊಸದರ ಜೊತೆ ಸೇರಿಸಿದ್ದಾರೆ.

ಮೊದಲು ಅನುಮಾನ ಬಂದದ್ದು ಮೀಸೆ ಪೇಂಟರ್ ಮೇಲೆ. ಕೇಳಿಯೇಬಿಟ್ಟೆ.

"ನಾನ್ಯಾಕೆ ಹಾಗೆ ಮಾಡ್ಲಿ ಅಕ್ಕಾ? ನೀವು ಕೊಟ್ಟಿದ್ದನ್ನೇ ಹಾಕ್ಕೊಂಡು ಒಂದು ತಿಂಗಳಿಂದ ಕೆಮ್ತಾ ಇದೀನಿ" ಅಂದ. ನನಗೆ ಮುಖ ಎತ್ತಲಾಗಲಿಲ್ಲ.

ಬೀರುವಿಗೆ ಇರುವುದು ಎರಡೇ ಕೀಲಿ. ಒಂದು ನನ್ನ ಹತ್ತಿರ, ಇನ್ನೊಂದು ಮೇಸ್ತ್ರಿ ಹತ್ತಿರ. ಮೇಸ್ತ್ರಿ ಅಂದರೆ ಇವರೇ, ನನ್ನ ಗಂಡ.

ಊಟಕ್ಕೆ ಕೂತಾಗ, "ನಿನ್ನೆ ಬೀರು ತೆಗೆದಿದ್ರಾ?" ಅಂತಷ್ಟೇ ಕೇಳಿದೆ.

ತಟ್ಟೆಯಿಂದ ತಲೆ ಎತ್ತದೆ, "ಒಂದ್ಸಲ ಹಾಕಿದ ಮಾತ್ರಕ್ಕೆ ಮಾಸ್ಕ್ ಹಾಳಾಗೋಗುತ್ತಾ?" ಅಂದರು.

ಮಾಸ್ಕಿನ ಮಾತನ್ನು ನಾನು ಎತ್ತಿಯೇ ಇರಲಿಲ್ಲ.

ಬೇಲಿಯೇ ಹೊಲ ಮೇಯ್ದಿದೆ, ಅದೂ ನಮ್ಮನೆ ಬೇಲಿ. ಈಗ ಪಕ್ಕದಲ್ಲಿ ನಿಶ್ಚಿಂತೆಯಿಂದ ಗೊರಕೆ ಹೊಡೆಯುತ್ತಿದ್ದಾರೆ. ಗೊಂಚಲಿನಿಂದ ಅವರ ಕೀಲಿ ಬಿಚ್ಚಿಟ್ಟುಕೊಂಡಿದ್ದೇನೆ. ನಾಳೆ ಅಷ್ಟೂ ಡಬ್ಬಿ ಸುರಿದು ಒಂದೊಂದನ್ನೂ ಮೂಸಿ ನೋಡಬೇಕು. ಆಮೇಲೆ ಮೀಸೆಯ ಮುಂದೆ ನಿಂತು ಏನಂತ ಹೇಳಲಿ?