ಲುಂಬಿನಿ ಬರೆದ ಬಾಗಿಲು

ಸೇಡಂ,
ಏಪ್ರಿಲ್ 8, 2025

ಪ್ರೀತಿಯ ಗೆಳತಿ ಕರುಣಾಗೆ ಉಮಾದೇವಿಯ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ನೀನೂ ನಿನ್ನ ಯಜಮಾನರು ಜೈಭೀಮ ಅಣ್ಣನವರೂ ಆರಾಮ ಇದ್ದೀರಿ ಎಂದುಕೊಂಡಿದ್ದೇನೆ. ವಾಟ್ಸಾಪಿನ ಕಾಲದಲ್ಲಿ ಇವಳಿಗೇನು ಪತ್ರದ ಹುಚ್ಚು ಎಂದು ನಗಬೇಡ. ಒಂದು ತಿಂಗಳಲ್ಲಿ ಮೂರು ಸಲ ನಿನಗೆ ಫೋನ್ ಹಚ್ಚಿದೆ. ಮೂರು ಸಲವೂ ನಿನ್ನ ದನಿ ಕೇಳಿದ ಕೂಡಲೇ ಬಿಸಿಲಿನ ಮಾತು, ನಿನ್ನ ಆಸ್ಪತ್ರೆ ಡ್ಯೂಟಿಯ ಮಾತು ಆಡಿ ಇಟ್ಟುಬಿಟ್ಟೆ. ಬಾಯಿಗೆ ಬಾರದ್ದು ಕೈಗಾದರೂ ಬರಲಿ ಎಂದು ಈಗ ಕುಳಿತಿದ್ದೇನೆ. ತಡ ಮಾಡಿದ್ದಕ್ಕೆ ಬಯ್ಯಿ, ಆದರೆ ಪೂರ್ತಿ ಓದಿದ ಮೇಲೆ ಬಯ್ಯಿ. ಆಗ ಬಯ್ಯುವುದಕ್ಕೆ ಇನ್ನೂ ಬೇಕಾದಷ್ಟು ಸಿಗುತ್ತದೆ.

ಇದರ ಜೊತೆಗೆ ಶಾಲೆಯ ಒಂದು ಅರ್ಜಿಯನ್ನೂ ಇಟ್ಟಿದ್ದೇನೆ. ಲುಂಬಿನಿ ಟಿ.ಸಿ. ಕೇಳಿದ್ದಾಳೆ. ಹತ್ತನೆಯ ತರಗತಿಯನ್ನು ಚಿಂಚೋಳಿಯಲ್ಲಿ ನಿನ್ನ ಹತ್ತಿರವೇ ಓದುತ್ತಾಳಂತೆ. ಅದಕ್ಕೆ ನಿನ್ನ ಸಹಿ ಬೇಕು. ಹೆಡ್‌ಮಾಸ್ತರರು ಕಾರಣ ಕೇಳಿದರೆ "ಅವ್ವನ ನೆನಪು ಭಾಳ ಬರಾಕತ್ತದ್ರಿ ಸರ್" ಅಂದಳಂತೆ. ನಿನಗೂ ಅದನ್ನೇ ಹೇಳುತ್ತಾಳೆ. ನಂಬಬೇಡ. ನಿನ್ನ ಮಗಳಿಗೆ ನನ್ನ ಕ್ಲಾಸಿನಲ್ಲಿ ಕುಳಿತುಕೊಳ್ಳುವುದು ಬೇಡವಾಗಿದೆ. ನಿನಗೆ ಚಿಂಚೋಳಿಗೆ ವರ್ಗವಾದಾಗ ಅವಳನ್ನು ನಿಮ್ಮವ್ವನ ಹತ್ತಿರ ಬಿಟ್ಟು, "ಸಾಲ್ಯಾಗ ಉಮಾ ಅದಾಳಲ್ಲ, ನನಗ್ಯಾತರ ಚಿಂತಿ" ಅಂದು ಬಸ್ಸು ಹತ್ತಿದ್ದೆ. ಆ ಮಾತು ನೆನಪಾದರೆ ಈಗ ಊಟ ಸೇರುವುದಿಲ್ಲ.

ಆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ಒಂಬತ್ತನೆಯ ತರಗತಿಗೆ ಒಂದು ಹಳೆಯ ದುರಂತ ನಾಟಕ ಓದಿಸಿದೆ. ಊರಿಗೆ ಕೊಟ್ಟ ಮಾತಿಗೆ ಕಟ್ಟುಬಿದ್ದ ಒಬ್ಬ ರಾಜ. ವೈರಿಯ ಮನೆಯಿಂದ ತಪ್ಪಿಸಿಕೊಂಡು ಬಂದ ಹೆತ್ತ ಮಗಳಿಗೇ ಅವನು ಕೋಟೆಯ ಬಾಗಿಲು ತೆರೆಸುವುದಿಲ್ಲ. ಬೆಳಗಾಗುವುದರಲ್ಲಿ ಅವಳು ಹೊರಗೇ ಸತ್ತಿರುತ್ತಾಳೆ. ನಾನು ಕಣ್ಣಲ್ಲಿ ನೀರು ತಂದುಕೊಂಡು ಓದುತ್ತಿದ್ದರೆ ಹಿಂದಿನ ಬೆಂಚಿನವರು ತೂಕಡಿಸುತ್ತಿದ್ದರು. ಅದಕ್ಕೆ ಒಂದು ಪ್ರಾಜೆಕ್ಟ್ ಕೊಟ್ಟೆ: ಇದು ಸಿನಿಮಾ ಆದರೆ ಪೋಸ್ಟರ್ ಹೇಗಿರಬೇಕು, ಬರೆದುಕೊಂಡು ಬನ್ನಿ, ಚೆನ್ನಾಗಿದ್ದದ್ದನ್ನು ತಾಲ್ಲೂಕಿನ ಸ್ಪರ್ಧೆಗೆ ಕಳಿಸುತ್ತೇನೆ.

ಆ ಪೋಸ್ಟರುಗಳನ್ನು ನೀನು ನೋಡಬೇಕಿತ್ತು. ನಮ್ಮ ಹುಡುಗರು ಬಸ್‌ಸ್ಟ್ಯಾಂಡಿನ ಹುಟ್ಟುಹಬ್ಬದ ಫ್ಲೆಕ್ಸ್ ಬಿಟ್ಟು ಬೇರೆ ಪೋಸ್ಟರನ್ನು ಎಲ್ಲಿ ಕಂಡಿದ್ದಾರೆ? ಪೀರಪ್ಪನ ಮಗ ಅರುಣಕುಮಾರ ರಾಜನಿಗೆ ಕಪ್ಪು ಕನ್ನಡಕ ಹಾಕಿ, ಕೆಳಗೆ ಎಂಟು ಗೆಳೆಯರ ಫೋಟೊ ಅಂಟಿಸಿ, ದಪ್ಪ ಅಕ್ಷರದಲ್ಲಿ 'ಶುಭ ಕೋರುವವರು' ಎಂದು ಬರೆದಿದ್ದ. "ಮಗಳು ಸತ್ತಾಳ, ಶುಭ ಯಾರಿಗೆ ಕೋರ್ತೀಯೋ?" ಅಂದೆ. "ಹಾಕಲಿಲ್ಲಂದ್ರ ಗೆಳ್ಯಾರು ಸಿಟ್ಟಾಗ್ತಾರ್ರಿ ಟೀಚರ್" ಅಂದ. ಅರ್ಧ ಕ್ಲಾಸು ಹಾಗೆಯೇ ಮಾಡಿತ್ತು. ನಕ್ಕು ನಕ್ಕು ಸಾಕಾಯಿತು.

ಕೊನೆಗೆ ಲುಂಬಿನಿ ಎದ್ದಳು. ನಿನ್ನ ತಮ್ಮ ಚಂದ್ರಾಮ ಬೆಳಿಗ್ಗೆಯೇ ಮೋಟರ್‌ಸೈಕಲ್ ಮೇಲೆ ಗೋಣಿಚೀಲದಲ್ಲಿ ಏನನ್ನೋ ತಂದು ಇಳಿಸಿ ಹೋಗಿದ್ದ. ಬಿಚ್ಚಿದರೆ ನೆಲಕ್ಕೆ ಹಾಸುವ ಫರಸಿ ಕಲ್ಲು. ಅವನು ಕೆಲಸ ಮಾಡುವ ಪಾಲಿಶ್ ಮಷೀನಿನ ಹತ್ತಿರ ತುಂಡಾಗಿ ಬಿದ್ದದ್ದು, ಒಂದೂವರೆ ಅಡಿ ಉದ್ದವಿತ್ತು. ಇಡೀ ಊರು ಕಾಲಲ್ಲಿ ತುಳಿದು ಓಡಾಡುವ ಕಲ್ಲಿನ ಮೇಲೆ ನಿನ್ನ ಮಗಳು ಬಾಗಿಲು ಬರೆದಿದ್ದಳು. ಕಲ್ಲಿನ ಬೂದಿ ಬಣ್ಣವನ್ನೇ ಕದಕ್ಕೆ ಬಿಟ್ಟು, ಬಿಳಿ ಗೆರೆಯಲ್ಲಿ ಚೌಕಟ್ಟು, ಚಿಲಕ ಎಳೆದಿದ್ದಳು. ರಾಜ ಇಲ್ಲ, ಮಗಳಿಲ್ಲ, ಒಂದು ಹನಿ ರಕ್ತವೂ ಇಲ್ಲ. ಎರಡು ಕದಗಳ ನಡುವೆ ಸಣ್ಣ ಸಂದಿ. ಆ ಸಂದಿಯಲ್ಲಿ ಬಾಗಿಲನ್ನು ಒಳಗಿನಿಂದ ಹಿಡಿದ ನಾಲ್ಕು ಬೆರಳು, ಮುಂಗೈ ತುಂಬ ಹಸಿರು ಬಳೆ. ಕೆಳಗೆ ಸಿನಿಮಾದ ಹೆಸರು: 'ಮನೆಯಲ್ಲಿ ಯಾರೂ ಇಲ್ಲ.'

ಅರುಣಕುಮಾರನೇ "ಟೀಚರ್, ಅಂಜಿಕಿ ಬರ್ತದ್ರಿ" ಅಂದ.

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಯಾವ ಮಗುವೂ ಒಂದು ಪಾಠವನ್ನು ಇಷ್ಟು ಸರಿಯಾಗಿ ಓದಿದ್ದನ್ನು ನಾನು ಕಂಡಿಲ್ಲ, ಕರುಣಾ. ಬೆನ್ನು ತಟ್ಟಬೇಕಿತ್ತು. ನಾನು ಕೇಳಿದ್ದು, "ಇದು ಯಾರ ಕೈ? ರಾಜಗ ಬಳಿ ಎಲ್ಲಿಂದ ಬಂದ್ವು?"

"ರಾಜಂದಲ್ರೀ ಟೀಚರ್" ಅಂದಳು. "ರಾಜ ಬರೇ ಹೇಳ್ತಾನ. ಬಾಗಲಾ ಹಿಡಕೊಂಡು ನಿಂದ್ರಾವರು ಬ್ಯಾರೇನೇ ಇರ್ತಾರ. ನಮ್ಮವ್ವ ಒಮ್ಮೆ ಹಿಂಗೇ ನೋಡ್ಯಾಳಂತ್ರಿ."

"ಪೋಸ್ಟರಿನಾಗ ನಾಯಕ ಇರಬೇಕು. ಸ್ಪರ್ಧೆದ ನಿಯಮ ಅದ" ಅಂದೆ. ಅಂಥ ನಿಯಮ ಇರಲಿಲ್ಲ. ಸ್ಪರ್ಧೆಯ ಸುತ್ತೋಲೆ ನನ್ನ ಮೇಜಿನ ಮೇಲೆಯೇ ಇತ್ತು.

"ಎಲ್ಲಿ ನಿಂದ್ರಸಲ್ರಿ ರಾಜನ್ನ?"

"ಬಾಗಲಾ ಮುಂದ. ಆ ಸಂದಿ ಪೂರಾ ಮುಚ್ಚೂಹಂಗ."

ಅವಳು ನನ್ನ ಮುಖ ನೋಡಿದಳು. ಅವಳಿಗೆ ನಿನ್ನದೇ ಕಣ್ಣು, ಗೊತ್ತಲ್ಲ. ಎರಡು ದಿನ ಬಿಟ್ಟು ಅದೇ ಕಲ್ಲನ್ನು ತಂದಳು. ಕೆಂಪು ಅಂಗಿಯ ರಾಜ, ಕಿರೀಟ, ಸೊಂಟದಲ್ಲಿ ಕತ್ತಿ. ಬೆರಳೂ ಇಲ್ಲ, ಬಳೆಯೂ ಇಲ್ಲ. ಹೆಸರನ್ನೂ ಬದಲಿಸು ಅಂದಿದ್ದೆ, 'ಮಾತು ಕೊಟ್ಟ ಮಹಾರಾಜ' ಎಂದು ಬರೆದಿದ್ದಳು. ತಾಲ್ಲೂಕಿಗೆ ಎರಡನೆಯ ಬಹುಮಾನ ಬಂತು. ರಾಜನ ಮೀಸೆ ಭಾರಿ ಚೆನ್ನಾಗಿದೆ ಎಂದು ತೀರ್ಪುಗಾರರು ಹೊಗಳಿದರು. ಹೆಸರು ಕೂಗಿದಾಗ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ನಾನೇ ಹೋಗಿ ಪ್ರಮಾಣಪತ್ರ ತೆಗೆದುಕೊಂಡೆ, ಫೋಟೊಕ್ಕೆ ಹಲ್ಲು ಬೇರೆ ಕಿರಿದೆ. ಆ ಫೋಟೊ ಕಳಿಸಿದಾಗ ನೀನು ಆರು ಚಪ್ಪಾಳೆ ಹಾಕಿದ್ದೆ. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಹಾಜರಿಗೆ 'ಪ್ರೆಸೆಂಟ್ ಟೀಚರ್' ಅನ್ನುತ್ತಿದ್ದಳು, ಅಷ್ಟೇ. ಮಕ್ಕಳಿಗೆ ಹೇಳುವಾಗ ಪುರಾಣ, ನನ್ನ ಪಾಲಿಗೆ ಬಂದಾಗ ಬದನೆಕಾಯಿ. ಬಾಗಿಲು ಮುಚ್ಚಿದ ರಾಜನಿಗಾಗಿ ಕ್ಲಾಸಿನಲ್ಲಿ ಅತ್ತವಳೂ ನಾನೇ.

ಪರೀಕ್ಷೆ ಮುಗಿದ ಮೇಲೆ ನಿಮ್ಮ ಮನೆಗೆ ಹೋಗಿದ್ದೆ. ಲುಂಬಿನಿ ನನ್ನನ್ನು ಕಂಡು ಒಳಗೆ ಹೋದಳು. ನಿಮ್ಮವ್ವ ಮಾಣಿಕಮ್ಮ ಎಂದಿನಂತೆ "ಬಾ ಉಮಾ, ಕುಂದ್ರು" ಅಂದರು. ಆ ಕಲ್ಲು ಎಲ್ಲಿ ಎಂದು ಕೇಳಿದೆ. ಅಡುಗೆಮನೆಯ ಮೂಲೆ ತೋರಿಸಿದರು. "ಮೂರು ದಿನಾ ಕುಂತು ತಿಕ್ಕ್ಯಾಳವಾ, ಮಾಮನ ಪಾಲಿಶ್ ಕಲ್ಲು ತಗೊಂಡು. ರಾಜನ್ನ ತೆಗೀಲಿಕ್ಕ ಹೋಗಿ ಬಾಗಲಾನೂ ಹೋತು. ಆಮ್ಯಾಲ ನೋಡಿ ಅತ್ಲು. ನಾ ಅದರ ಮ್ಯಾಲ ಜ್ವಾಳದ ಹಿಟ್ಟಿನ ಡಬ್ಬಿ ಇಟ್ಟೀನಿ."

ಬಾಗಿಲಾದರೂ ಉಳಿದಿದ್ದರೆ ನಾನು ಅವಳ ಕೈಗೆ ಬಣ್ಣ ಕೊಟ್ಟು, ಮೊದಲಿನ ಹಾಗೆ ಬರಿ ಎನ್ನಬಹುದಿತ್ತು. ಈಗ ಅಲ್ಲಿ ಬರಿಯ ಫರಸಿ ಇದೆ.

ಇಷ್ಟು ಹೇಳಿದ್ದು ನೀನು ಸಹಿ ಮಾಡಬಾರದು ಎಂದಲ್ಲ. ಅವಳು ಇಲ್ಲೇ ಓದಲಿ ಎಂದು ನನಗೆ ಆಸೆ ಇದೆ. ಅವಳಂಥ ಹುಡುಗಿ ಕ್ಲಾಸಿನಲ್ಲಿದ್ದರೆ ಪಾಠ ಮಾಡುವವರಿಗೂ ಬುದ್ಧಿ ಬರುತ್ತದೆ. ಆದರೆ ಹಾಗೆ ಕೇಳುವ ಮುಖ ನನಗಿಲ್ಲ. ಅವಳು ನಿನ್ನ ಹತ್ತಿರ ಬಂದರೆ ಚಿತ್ರ ಬರೆಯುವುದನ್ನು ಮಾತ್ರ ಬಿಡಿಸಬೇಡ. ಸ್ಪರ್ಧೆಗೆ ಬೇಡ, ಯಾವ ಟೀಚರಿಗೂ ತೋರಿಸುವುದು ಬೇಡ, ತನಗಾಗಿ ಬರೆಯಲಿ. ಅವಳಿಗೆ ನನ್ನ ಆಶೀರ್ವಾದ ಬೇಕಿಲ್ಲದೆ ಇರಬಹುದು, ಆದರೂ ತುಂಬು ಮನಸ್ಸಿನಿಂದ ಹರಸುತ್ತೇನೆ. ನಿನ್ನ ಮಗಳು ದೊಡ್ಡವಳಾಗಲಿ, ನಮ್ಮಿಬ್ಬರಿಗಿಂತ ದೊಡ್ಡವಳಾಗಲಿ. ಅಣ್ಣನವರಿಗೆ ಜೈಭೀಮ್ ಹೇಳು.

ಇಂತಿ ನಿನ್ನ,
ಉಮಾ

ತಾ.ಕ.: ಪತ್ರ ಮಡಚಿ ಮತ್ತೆ ಬಿಚ್ಚಿದೆ. ಮುಖ್ಯವಾದದ್ದನ್ನು ಇನ್ನೂ ಬರೆದಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ, ಕರುಣಾ. ಅವಳು ಬರೆದದ್ದು ನಮ್ಮೂರು ಆಡಕಿಯ ಮನೆಯ ಬಾಗಿಲು. ಪಿಯುಸಿ ಎರಡನೆಯ ವರ್ಷ, ಪರೀಕ್ಷೆಗೆ ಎರಡು ವಾರ ಇತ್ತು. ಇತಿಹಾಸದ ನೋಟ್ಸ್ ತಗೊಂಡು ಬಾ, ನಮ್ಮ ಮನೆಯಲ್ಲೇ ಇದ್ದು ಕೂಡಿ ಓದೋಣ ಎಂದು ಕರೆದವಳು ನಾನು. ನೀನು ಬಂದ ದಿನವೇ ಅಕ್ಕನ ನಿಶ್ಚಯಕ್ಕೆ ಬೀಗರು ಬಂದು ಒಳಗೆ ಊಟಕ್ಕೆ ಕುಳಿತಿದ್ದರು. ನಮ್ಮಜ್ಜಿ ಮಾಳಮ್ಮ ಕಿಟಕಿಯಿಂದ "ಉಮಾ ಊರಾಗಿಲ್ಲ, ಚಿಮ್ಮನಚೋಡಕ್ಕ ಹೋಗ್ಯಾಳ" ಅಂದಳು. ನಿನ್ನ ಜಾತಿ ಬೀಗರಿಗೆ ಗೊತ್ತಾದೀತು ಎಂದು ಅವಳಿಗೆ ಭಯ. ನನಗೂ ಅದೇ ಭಯ. ನೀನು ಸಂಜೆ ಬಸ್ಸಿನ ತನಕ ಮನೆ ಮುಂದಿನ ಕಟ್ಟೆಯ ಮೇಲೆ ಕುಳಿತು, ನೋಟ್ಸನ್ನು ಅಲ್ಲೇ ಇಟ್ಟು ಹೋದೆ. ಅದನ್ನು ಓದಿ ನಾನು ಪಾಸಾದೆ, ಟೀಚರ್ ಆದೆ.

ಚಿಮ್ಮನಚೋಡಕ್ಕೆ ಹೋಗಿದ್ದೆ ಎಂದು ಕಾಲೇಜಿನಲ್ಲಿ ನಾನೂ ಅಂದೆ. ನೀನು "ಇರಲಿ ಬಿಡು" ಅಂದೆ. ನಿನಗೆ ಗೊತ್ತಿಲ್ಲ ಎಂದೇ ಇಷ್ಟು ವರ್ಷ ಬದುಕಿದೆ. ಸಂದಿಯಲ್ಲಿ ನೀನು ಬಳೆ ಕಂಡಿದ್ದೀ. ಅಕ್ಕನ ನಿಶ್ಚಯಕ್ಕೆಂದು ನಾನು ಅಂದು ಬೆಳಿಗ್ಗೆ ಇಟ್ಟುಕೊಂಡ ಬಳೆ. ಕಂಡೂ ನನ್ನ ಮದುವೆಗೆ ಬಂದೆ, ನನ್ನ ಬಾಣಂತನದಲ್ಲಿ ರಾತ್ರಿ ಡ್ಯೂಟಿ ಮುಗಿಸಿ ಬಂದು ಕೂತೆ, ಕೊನೆಗೆ ಮಗಳನ್ನೂ ನನ್ನ ಕೈಗೇ ಕೊಟ್ಟೆ. ಯಾರ ಕೈ ಎಂದು ಅವಳಿಗೆ ಹೇಳಲೂ ಇಲ್ಲ.

ಇವತ್ತು ಮಧ್ಯಾಹ್ನ ಫಲಿತಾಂಶ ನೋಡಲು ಬಂದಿದ್ದಳು. ಸ್ಟಾಫ್ ರೂಮಿಗೆ ಕರೆದು ನಾನೇ ಹೇಳಿದೆ, ಆ ಕೈ ನನ್ನದು ಎಂದು. ಅವಳು ಒಂದೇ ಮಾತು ಕೇಳಿದಳು:

"ಅಷ್ಟೊತ್ತು ಬಿಸಲಾಗ ಕುಂತಿದ್ಲಲ್ರಿ, ನಮ್ಮವ್ವಗ ಕುಡೀಲಿಕ್ಕ ನೀರರೆ ಕೊಟ್ಟಿದ್ರೇನ್ರಿ ಟೀಚರ್?"

ಇಲ್ಲ ಅಂದೆ.