ಮೆಲ್ಲಣ್ಣನ ಬೂಟು

ಶನಿವಾರ, ಹದಿನಾಲ್ಕನೇ ತಾರೀಖು
ಅಂಗಡಿಯಿಂದ, ಮಧ್ಯಾಹ್ನದ ಬಿಡುವಿನಲ್ಲಿ

ಪ್ರೀತಿಯ ಗುಬ್ಬೀ,

ಹೇಗಿದ್ದೀಯೇ? ಊಟ, ನಿದ್ದೆ ಸರಿಯಾಗಿ ನಡೆದಿದೆಯಾ? ನಡೆದಿಲ್ಲ ಎಂದು ಗೊತ್ತು, ಆದರೂ ಕಾಗದ ಎಂದ ಮೇಲೆ ಕೇಳಬೇಕಲ್ಲ. ನಾವು ಆರೋಗ್ಯವಾಗಿದ್ದೇವೆ. ನನ್ನ ಸೊಂಟ ಎಂದಿನಂತೆ ಹಟ ಮಾಡುತ್ತಿದೆ, ನಿನ್ನ ಅತ್ತಿಗೆ ಎಂದಿನಂತೆ ಅದಕ್ಕೆ ನನ್ನನ್ನೇ ಬೈಯುತ್ತಿದ್ದಾಳೆ. ನೀನು ಕೆಲಸಕ್ಕಿರುವ ಆಸ್ಪತ್ರೆಯ ಹಾಸ್ಟೆಲಿನ ಮೇಲ್ವಿಚಾರಕಿ ನನಗೊಂದು ಕಾಗದ ಬರೆದಿದ್ದಾರೆ. ಆಸ್ಪತ್ರೆಯ ಹಾಸಿಗೆ ಬಟ್ಟೆ ಮಡಚುವ ಕೆಲಸ ಚೊಕ್ಕವಾಗಿ ಮಾಡುತ್ತೀಯಂತೆ, ಊಟದ ತಟ್ಟೆಯನ್ನು ಮಾತ್ರ ಹಾಗೆಹಾಗೇ ವಾಪಸು ಕಳಿಸುತ್ತೀಯಂತೆ. ಎಂಟು ತಿಂಗಳಲ್ಲಿ ಯಾರ ಹತ್ತಿರವೂ ನೆಟ್ಟಗೆ ನಾಲ್ಕು ಮಾತಾಡಿಲ್ಲವಂತೆ, ಹೀಗೇ ಆದರೆ ಕಾಯಿಲೆ ಬೀಳುತ್ತೀ ಎಂದು ಅವರಿಗೆ ಭಯವಾಗಿದೆ. ‘ಮನೆಯವರು ಸಮಾಧಾನದ ಎರಡು ಸಾಲು ಬರೆಯಿರಿ. ತೀರಿಕೊಂಡವರ ಸುದ್ದಿ ಮಾತ್ರ ಎತ್ತಬೇಡಿ’ ಎಂದು ಅಡಿಗೆರೆ ಹಾಕಿ ಹೇಳಿದ್ದಾರೆ. ಒಳ್ಳೆಯ ಹೆಂಗಸೇ ಇರಬೇಕು. ಆದರೂ ಆ ಅಡಿಗೆರೆ ನೋಡಿ ನನಗೆ ಮೈ ಉರಿದುಹೋಯಿತು.

ಎರಡು ಸಾಲಂತೆ. ಐದು ದಿನದಿಂದ ಬರೆಯುತ್ತಿದ್ದೇನೆ, ಹರಿದು ಎಸೆಯುತ್ತಿದ್ದೇನೆ. ನಿನ್ನೆ ಕೊನೆಗೆ ಸೋತು ಎದುರಿನ ಪುಸ್ತಕದಂಗಡಿಗೆ ಹೋದೆ. ಸಂತಾಪಕ್ಕೆಂದೇ ಅಚ್ಚು ಹಾಕಿಸಿದ ಕಾರ್ಡುಗಳಿವೆ ಕಣೇ, ಹುಟ್ಟುಹಬ್ಬದ ಕಾರ್ಡುಗಳ ಪಕ್ಕದ ಗೂಡಿನಲ್ಲಿ. ಮೇಲೆ ಮುಳುಗುವ ಸೂರ್ಯ, ಅದರ ಸುತ್ತ ಬೆಳ್ಳಿ ಬಣ್ಣದ ಮಿರುಗುವ ಪುಡಿ. ಒಳಗೆ ‘ನಿಮ್ಮ ದುಃಖದಲ್ಲಿ ನಾವೂ ಭಾಗಿ’ ಎಂದು ಮೊದಲೇ ಬರೆದಿಟ್ಟಿದ್ದಾರೆ, ನಾವು ಸಹಿ ಹಾಕಿದರೆ ಮುಗಿಯಿತು. ಅಂಗಡಿಯವಳು ‘ಇದೇ ಜಾಸ್ತಿ ಹೋಗೋದು, ಕಣ್ಣು ಮುಚ್ಕೊಂಡು ತಗೊಳ್ಳಿ’ ಅಂದಳು. ಥೂ, ಎಂಥ ಹೇಸಿಗೆ. ಕೈಗೆ ಹತ್ತಿದ ಆ ಪುಡಿ ಎಷ್ಟು ಉಜ್ಜಿದರೂ ಹೋಗದೆ ಊಟದ ತಟ್ಟೆಯಲ್ಲೂ ಮಿನುಗಿತು. ಅತ್ತಿಗೆ ನೋಡಿ ‘ಏನ್ರೀ ಇದು, ನಾಟಕದಲ್ಲಿ ಪಾರ್ಟು ಸಿಕ್ತಾ’ ಎಂದು ಕೇಳಿದಳು.

ಕಾರ್ಡೇ ವಾಸಿ, ಅದು ಬಾಯಿ ತೆರೆಯುವುದಿಲ್ಲ. ನಿನ್ನ ಮೆಲ್ಲಣ್ಣ ತೀರಿಕೊಂಡ ಮೇಲೆ ಆ ನಾಲ್ಕು ದಿನ ಮನೆಗೆ ಬಂದವರ ಬಾಯಿಗಳನ್ನು ನೆನೆಸಿಕೊಂಡರೆ ನನಗೆ ಈಗಲೂ ಅನ್ನ ಇಳಿಯುವುದಿಲ್ಲ. ನಮ್ಮ ದೊಡ್ಡಮ್ಮ ನಿನ್ನ ಬೆನ್ನು ಸವರುತ್ತ ‘ಮಕ್ಕಳಿಲ್ಲದ್ದೇ ಒಳ್ಳೇದಾಯ್ತು ಬಿಡು, ನಿನಗಿನ್ನೂ ವಯಸ್ಸಿದೆ’ ಅಂದಳು. ಸವರುತ್ತಿದ್ದ ಕೈ ಹಾಗೇ ಇತ್ತು, ಕಣ್ಣು ಮಾತ್ರ ಗೋಡೆ ಬದಿಯ ಹೊಸ ಬೀರುವಿನ ಮೇಲಿತ್ತು. ಪಕ್ಕದ ಮನೆಯ ಮೇಷ್ಟ್ರು, ನಿನ್ನ ಗಂಡ ಕೂರುತ್ತಿದ್ದ ಕುರ್ಚಿಯನ್ನೇ ಎಳೆದುಕೊಂಡು ಕೂತು, ಹಲ್ಲಿನ ಸಂದಿಗೆ ಕಡ್ಡಿ ತೂರಿಸುತ್ತ ‘ಕಾಲ ಎಲ್ಲಾನೂ ಮರೆಸುತ್ತಮ್ಮಾ’ ಎಂದರು. ಅಷ್ಟಕ್ಕೇ ನಿಂತಿದ್ದರೆ ಸಾಕಿತ್ತು. ತಮ್ಮ ಹೆಂಡತಿಯ ಪಿತ್ತಕೋಶದ ಆಪರೇಷನ್ನಿನ ಕಥೆ ಶುರುಮಾಡಿ, ಹೊರಬಂದ ಕಲ್ಲಿನ ಗಾತ್ರವನ್ನು ನಿನ್ನ ಮೂಗಿನ ಮುಂದೆಯೇ ಹೆಬ್ಬೆರಳಿನಲ್ಲಿ ತೋರಿಸಿದರಲ್ಲ, ಆಗ ಅವರನ್ನು ಕುರ್ಚಿ ಸಮೇತ ಎತ್ತಿ ಬೀದಿಗಿಡಬೇಕು ಅನ್ನಿಸಿತು. ನಾನು ಮಾಡಿದ್ದೇನು, ಅವರಿಗೆ ಇನ್ನೊಂದು ಲೋಟ ಚಹಾ ತಂದುಕೊಟ್ಟೆ.

ಎಲ್ಲರನ್ನೂ ಮೀರಿಸಿದವರು ಬಸ್ ಡಿಪೋದ ಅಧಿಕಾರಿ. ಮೂವತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ, ಪ್ರಯಾಣಿಕರೇ ರೇಗಿಸಿ ಮೆಲ್ಲಣ್ಣ ಎಂದು ಹೆಸರಿಟ್ಟಷ್ಟು ನಿಧಾನಿ, ಕೊನೆಯ ಟ್ರಿಪ್ಪು ಮುಗಿಸಿ ಬಸ್ಸನ್ನು ಗೆರೆಯೊಳಗೆ ನಿಲ್ಲಿಸಿ, ಬ್ರೇಕು ಹಾಕಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟವನು ಮೇಲೇಳಲಿಲ್ಲ. ಈ ಪುಣ್ಯಾತ್ಮ ಇಸ್ತ್ರಿ ಹಾಕಿದ ಅಂಗಿ ತೊಟ್ಟು ಬಂದು ‘ಎಂಥಾ ಜವಾಬ್ದಾರಿ ನೋಡಿ, ಗಾಡಿಗೆ ಒಂದು ಗೀರೂ ಆಗಿಲ್ಲ’ ಎಂದರು. ಅದು ನಿನಗೆ ಸಮಾಧಾನ ಆಗಬೇಕಿತ್ತು. ಮೆಲ್ಲಣ್ಣನ ಬೂಟನ್ನು ಹಳೇ ಪೇಪರಿನಲ್ಲಿ ಸುತ್ತಿ ತಂದವರೂ ಅವರೇ. ನೀನು ಪೇಪರು ಬಿಚ್ಚಿ ಬೂಟನ್ನು ಬಾಗಿಲ ಪಕ್ಕದಲ್ಲಿ, ಅವನು ದಿನವೂ ಬಿಡುತ್ತಿದ್ದ ಜಾಗದಲ್ಲಿ ಇಟ್ಟೆ.

ಇಲ್ಲಿಯವರೆಗೆ ಬರೆಯುವುದು ಸುಲಭ. ಊರವರ ಬಾಯಿ ಹೊಲಸು ಎಂದು ಎಷ್ಟು ಪುಟವಾದರೂ ಬರೆದೇನು. ನೀನು ಐದನೇ ದಿನ ಬೆಳಿಗ್ಗೆ ಒಂದೇ ಚೀಲ ಹಿಡಿದು, ಯಾರಿಗೂ ಹೇಳದೆ ಮನೆ ಬಿಟ್ಟು ಹೋದಾಗ ನಾನು ಮಾಡಿದ್ದೂ ಅದನ್ನೇ. ‘ನಿಮ್ಮ ಮಾತು ಕೇಳಲಾರದೆ ನನ್ನ ತಂಗಿ ಹೋದಳು’ ಎಂದು ದೊಡ್ಡಮ್ಮನ ಮೇಲೆ ಹಾರಾಡಿದೆ. ಪಾಪ, ಆಕೆ ಅತ್ತಳು. ಮೇಷ್ಟ್ರ ಜೊತೆ ಇವತ್ತಿಗೂ ಮಾತಿಲ್ಲ. ಎಂಟು ತಿಂಗಳು ಇದೇ ಕಥೆಯನ್ನು ಬಂದ ಗಿರಾಕಿಗಳಿಗೆಲ್ಲ ಹೇಳಿಕೊಂಡು ದೊಡ್ಡ ಮನುಷ್ಯನಾಗಿ ಕೂತಿದ್ದೇನೆ. ಗುಬ್ಬೀ, ಅದು ಸುಳ್ಳು. ನೀನು ಯಾಕೆ ಹೋದೆ ಎಂದು ನನಗೆ ಅವತ್ತೇ ಗೊತ್ತಿತ್ತು.

ನಾಲ್ಕನೇ ದಿನ ಎಲ್ಲರೂ ಏನೇನೋ ಹೇಳಿದರು, ನನಗೆ ಮಾತ್ರ ಒಂದು ಮಾತೂ ಹೊಳೆಯಲಿಲ್ಲ. ಒಡಹುಟ್ಟಿದವನು ಕಂಬದ ಹಾಗೆ ನಿಂತಿದ್ದೇನಲ್ಲ ಎಂದು ನಾಚಿಕೆಯಾಯಿತು. ನನಗೆ ಬರುವುದು ಬೂಟು ರಿಪೇರಿಯ ಒಂದೇ ವಿದ್ಯೆ, ಸವೆದ ಬೂಟು ಕಂಡರೆ ಕೈ ತಾನಾಗಿ ಹೋಗುತ್ತದೆ. ಮೆಲ್ಲಣ್ಣನ ಬಲಗಾಲಿನ ಬೂಟಿನ ಹಿಮ್ಮಡಿ ಯಾವಾಗಲೂ ಓರೆಯಾಗಿ ಸವೆಯುತ್ತಿತ್ತು, ಆಕ್ಸಿಲರೇಟರಿನ ಮೇಲೆ ಕಾಲು ಆಡಿಸುವವರಿಗೆಲ್ಲ ಹಾಗೆಯೇ. ನಿನ್ನನ್ನು ಕೇಳದೆ ಆ ಜೋಡಿಯನ್ನು ಕಂಕುಳಲ್ಲಿಟ್ಟುಕೊಂಡು ಅಂಗಡಿಗೆ ತಂದೆ. ಅಡಿಯ ಹಳೆ ಅಟ್ಟೆ ಕಿತ್ತೆ. ಒಳಗಿನ ಮೆತ್ತೆಯಲ್ಲಿ ಅವನ ಪಾದ ಅಚ್ಚೊತ್ತಿದ ಹಾಗೆ ಇತ್ತು, ಐದು ಬೆರಳೂ ಎಣಿಸಬಹುದಿತ್ತು. ಅದನ್ನೂ ಕಿತ್ತೆ, ಗಿರಾಕಿಯ ಬೂಟಿನಿಂದ ಕೀಳುವ ಹಾಗೆ. ಹೊಸ ಅಟ್ಟೆ, ಹೊಸ ಹಿಮ್ಮಡಿ, ಹೊಸ ಮೆತ್ತೆ, ಹೊಸ ಲೇಸು ಹಾಕಿ, ಮುಖ ಕಾಣುವಷ್ಟು ಪಾಲಿಶ್ ಹೊಡೆದೆ. ಇಡೀ ಜನ್ಮದಲ್ಲಿ ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಿಲ್ಲ. ತಂದು ನಿನ್ನ ಮುಂದೆ ಇಟ್ಟು, ಶಭಾಷ್ ಅನ್ನುತ್ತೀಯೇನೋ ಎಂದು ನಿಂತೆ.

ನೀನು ಬೂಟಿನೊಳಗೆ ಕೈಹಾಕಿ ತಡಕಿದೆ. ಕೈ ಹೊರಗೆ ತೆಗೆದು ‘ಅಣ್ಣಾ, ಇದು ಯಾರ್ದು?’ ಅಂದೆ.

ಅಷ್ಟೇ. ಆಮೇಲೆ ನೀನು ನನ್ನೊಂದಿಗೆ ಮಾತಾಡಿದ್ದಿಲ್ಲ. ಮಾರನೆಯ ದಿನ ನೀನು ಹೋದ ಮೇಲೆ ಅಂಗಡಿಗೆ ಓಡಿ ಕಸದ ಬುಟ್ಟಿ ಬಗ್ಗಿಸಿ ಹುಡುಕಿದೆ. ಹಿಂದಿನ ಸಂಜೆಯೇ ಕಸದ ಗಾಡಿ ಎಲ್ಲವನ್ನೂ ಒಯ್ದಿತ್ತು. ಆ ಮೆತ್ತೆಯನ್ನು ನಾನು ನಿನಗೆ ವಾಪಸು ಕೊಡಲಾರೆ, ಯಾವ ಮಾತೂ ಅದನ್ನು ತಂದುಕೊಡುವುದಿಲ್ಲ. ದೊಡ್ಡಮ್ಮನ ಬಾಯಿ, ಮೇಷ್ಟ್ರ ಕಡ್ಡಿ, ಆ ಅಧಿಕಾರಿಯ ಗೀರು, ಇವೆಲ್ಲಕ್ಕಿಂತ ನನಗೆ ಈಗ ನನ್ನ ಈ ಎರಡು ಕೈಗಳೇ ಹೇಸಿಗೆ. ಅವರು ಬರೀ ಮಾತಾಡಿ ಎದ್ದುಹೋದರು. ನಾನು ಅವನ ಹೆಜ್ಜೆಯನ್ನೇ ಕಿತ್ತು ಬುಟ್ಟಿಗೆಸೆದೆ, ಆಮೇಲೆ ತಪ್ಪನ್ನು ಅವರ ತಲೆಗೆ ಕಟ್ಟಿದೆ. ತಪ್ಪಾಯಿತು ಗುಬ್ಬೀ. ಕ್ಷಮಿಸಬೇಕೆಂದು ಕೇಳುತ್ತಿಲ್ಲ, ಬೈಯಬೇಕೆನ್ನಿಸಿದರೆ ಬೈದು ಬರೆ. ಇವತ್ತು ಸಂಜೆ ದೊಡ್ಡಮ್ಮನ ಮನೆಗೆ ಹೋಗಿ ನಿಜ ಹೇಳುತ್ತೇನೆ. ಮೇಷ್ಟ್ರಿಗೂ ಹೇಳಬೇಕು, ಆ ಕಲ್ಲಿನ ಕಥೆಯನ್ನು ಇನ್ನೊಮ್ಮೆ ಕೇಳುವುದು ನನಗೆ ತಕ್ಕ ಶಿಕ್ಷೆ.

ಅತ್ತಿಗೆ ನಿನ್ನನ್ನು ಬಹಳ ಕೇಳಿದ್ದಾಳೆ. ಮೈ ನೋಡಿಕೋ, ಇಡೀ ತಟ್ಟೆ ಆಗದಿದ್ದರೆ ಅರ್ಧ ತಟ್ಟೆಯಾದರೂ ಉಣ್ಣು. ನನ್ನ ಆಶೀರ್ವಾದಕ್ಕೆ ಈಗ ಬೆಲೆ ಇದೆಯೋ ಇಲ್ಲವೋ ತಿಳಿಯದು, ಇದ್ದಷ್ಟೂ ನಿನಗೇ.

ಇಂತಿ
ನಿನ್ನ ದಡ್ಡ ಅಣ್ಣ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಹರಿದೆ. ಅಂಚೆಯವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಎಂಟು ತಿಂಗಳಿಂದ ಎಲ್ಲರೂ ನಿನಗೆ ಹೇಳಿದ್ದೇ ಹೇಳಿದ್ದು, ಈ ಕಾಗದದಲ್ಲಿ ನಾನೂ ಹೇಳಿದ್ದೇ ಆಯಿತು. ಯಾರೂ ನಿನ್ನನ್ನು ಏನೂ ಕೇಳಲೇ ಇಲ್ಲ. ಮೇಲ್ವಿಚಾರಕಿ ಏನಾದರೂ ಅಂದುಕೊಳ್ಳಲಿ, ನಾನು ಕೇಳುತ್ತೇನೆ. ಆ ಬೆಳಿಗ್ಗೆ ಮೆಲ್ಲಣ್ಣ ಮನೆಯಿಂದ ಹೊರಡುವಾಗ ನಿನಗೆ ಏನು ಹೇಳಿದ? ತಿಂಡಿ ತಿಂದನೇ? ನೀನು ಏನಂದೆ? ಎಲ್ಲವನ್ನೂ ಬರೆ. ಜಗಳ ಆಡಿದ್ದರೆ ಆ ಜಗಳವನ್ನೇ ಬರೆ.