ಕಟಕಟೆಯಲ್ಲಿ ಬಾಯಿಗೆ ಬಂದ ಹೆಸರು

ಅಲ್ ಗರಾಫಾ, ಕತಾರ್
೨೩ ನವೆಂಬರ್ ೨೦೨೪, ಶನಿವಾರ

ನನ್ನ ಪ್ರೀತಿಯ ಜೂಲಿಯೆಟ್,

ನಿನಗೂ ನಿನ್ನ ಮಂಡಿನೋವಿಗೂ ಅಗಾತಾಳ ನಮಸ್ಕಾರ. ಈಸ್ಟರಿಗೆ ನೀನು ಬರೆದ ಕಾಗದಕ್ಕೆ ಕ್ರಿಸ್ಮಸ್ ಹತ್ತಿರ ಬಂದಾಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಬೈದುಬಿಡು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಕೈ, ಬೇಗ ಓಡುವುದಿಲ್ಲ. ಅದಲ್ಲದೆ ನೀನು ಆ ಕಳುವಾದ ಸರದ ವಿಷಯ ಕೇಳಿದ್ದಿ, ಕದ್ದವಳೆಂದು ನಿನ್ನ ಹೆಸರು ಹೇಳಿದವರು ಯಾರೆಂದು ಸಾಯುವ ಮೊದಲು ತಿಳಿಯಬೇಕು ಎಂದು. ಅಲ್ಲಿಗೇ ನನ್ನ ಪೆನ್ನು ನಿಂತಿತ್ತು.

ಈ ಕಾಗದ ತರುವವನು ರಜೆಯಲ್ಲಿ ಇಲ್ಲಿಂದ ಊರಿಗೆ ಬರುವ ನಿನ್ನ ಮೊಮ್ಮಗ ಬ್ರ್ಯಾಂಡನ್. ಅವನ ಫೋನಿನಲ್ಲಿ ಒಂದು ಸಿನೆಮಾ ಉಂಟು, ನಿನಗೆ ತೋರಿಸಬೇಕೆಂದು ಕುಣಿಯುತ್ತಿದ್ದಾನೆ. ಮೊದಲು ಕಾಗದ ಓದು, ಆಮೇಲೆ ಸಿನೆಮಾ. ನನ್ನಾಣೆ.

ಸಿನೆಮಾ ಮಾಡಿದವನು ನನ್ನ ಮೊಮ್ಮಗ ಕ್ಯಾಲ್ವಿನ್. ವಾರವಿಡೀ ಮೆಸಯೀದಿನ ಪ್ಲಾಂಟಿನಲ್ಲಿ ಬೆಂದು ಬರುವವನಿಗೆ ಶುಕ್ರವಾರದ ರಜೆಯಲ್ಲಿ ಮಲಗಲಿಕ್ಕೆ ಏನು ರೋಗ? ಕಥೆ ನಮ್ಮ ಅಪ್ಪಂದಿರ ಕಾಲದ ದೊಡ್ಡ ಕಾದಂಬರಿಯದಂತೆ. ಧಣಿಯ ಕೊಲೆಯಾಗುತ್ತದೆ, ಮನೆಕೆಲಸದ ಮುದುಕಿ ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿ ಕಮಲ ಎಂಬ ಪಾಪದವಳನ್ನು ಜೈಲಿಗೆ ಕಳಿಸುತ್ತಾಳೆ. ಅಂಥ ದೊಡ್ಡ ಕಥೆ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಬಂದು ಬಿತ್ತು. ಅಡುಗೆಮನೆಯೇ ಪೊಲೀಸ್ ಸ್ಟೇಷನ್. ಧಣಿಯ ಎದೆಗೆ ಬೀಟ್‌ರೂಟ್ ರಸ ಸುರಿದರೆ ಹೆಣ ಎದ್ದು ಕುಳಿತು ಸೀನಿತು.

"ಇದು ಕೊಲೆಯಾ, ಪಲ್ಯವಾ?" ಎಂದೆ.

"ಬಜೆಟ್ ಮಾಫಿ, ಮಾಯ್" ಎಂದ. ಇಲ್ಲಿಯ ಭಾಷೆಯಲ್ಲಿ ಮಾಫಿ ಎಂದರೆ ಇಲ್ಲ. ಬಜೆಟ್ ಇಲ್ಲದ್ದಕ್ಕೇ ಮುದುಕಿಯ ಪಾರ್ಟು ನನ್ನ ಕುತ್ತಿಗೆಗೆ ಬಂತು.

ಕೋರ್ಟಿಗೆಂದು ಉಮ್ಮ್ ಸಲಾಲಿನ ಸ್ನೇಹಿತನೊಬ್ಬನ ಮನೆಯ ಹಾಲ್ ಒಂದೇ ಮಧ್ಯಾಹ್ನಕ್ಕೆ ಸಿಕ್ಕಿತ್ತು. "ಕಮಲಳೇ ಮಾಡಿದ್ದು, ನಾನು ಕಣ್ಣಾರೆ ಕಂಡೆ" ಎಂದು ಹತ್ತು ಸಲ ಗಿಳಿಯ ಹಾಗೆ ಒಪ್ಪಿಸಿದೆ. ಕ್ಯಾಲ್ವಿನ್‌ಗೆ ಸಾಕಾಗಲಿಲ್ಲ. ನನ್ನ ಜಪಮಾಲೆಯನ್ನೇ ತಂದು ಕೈಗಿಟ್ಟ.

"ಶಿಲುಬೆಗೆ ಮುತ್ತಿಟ್ಟು ಹೇಳಿ ಮಾಯ್, ಎಫೆಕ್ಟ್ ಬರ್ತದೆ."

ಮುತ್ತಿಟ್ಟೆ. ತುಟಿಗೆ ಆ ತಣ್ಣಗಿನ ಲೋಹ ತಾಗಿದ್ದೇ ತಡ, ಬಾಯಿಂದ ಬಂತು: "ಜೂಲಿಯೆಟ್. ಜೂಲಿಯೆಟಳೇ. ನಾನು ಕಣ್ಣಾರೆ ಕಂಡೆ."

ಕ್ಯಾಲ್ವಿನ್ ಓಡಿಬಂದು ಅಪ್ಪಿಕೊಂಡ. "ಎಂಥ ಆಕ್ಟಿಂಗ್ ಮಾಯ್! ಮೈ ಜುಂ ಅಂತು!"

"ಹೆಸರು ತಪ್ಪಿತು ಮಾರಾಯ, ಇನ್ನೊಮ್ಮೆ ತೆಗಿ."

"ಖಲಾಸ್, ಹಾಲ್ ಬಿಟ್ಟುಕೊಡ್ಬೇಕು. ಕಮಲಳನ್ನೇ ಎಲ್ಲ ಕಡೆ ಜೂಲಿಯೆಟ್ ಮಾಡಿದ್ರಾಯ್ತು. ಡಬ್ಬಿಂಗ್ ಉಂಟಲ್ಲ!"

ಬೇಡವೆಂದು ಬೇಡಿಕೊಂಡೆ. ಯಾಕೆಂದು ಕೇಳಿದ. ಜಪಮಾಲೆಯನ್ನು ಚೀಲಕ್ಕೆ ಹಾಕಿಕೊಂಡು ಹೊರಗೆ ನಡೆದೆ.

ನಿನ್ನೆ ನಮ್ಮ ಕಡೆಯವರನ್ನೆಲ್ಲ ಕೂಡಿಸಿ ತೋರಿಸಿದರು. ಬ್ರ್ಯಾಂಡನ್ ನನ್ನ ಪಕ್ಕದಲ್ಲೇ ಕುಳಿತಿದ್ದ. "ಅದು ನನ್ನ ಅಜ್ಜಿಯ ಹೆಸರಲ್ವಾ? ಪ್ರೀತಿಗೆ ಇಟ್ಟದ್ದಾ?" ಎಂದ. ಹೌದೆಂದು ತಲೆಯಾಡಿಸಿದೆ. ನನ್ನ ಸಾಕ್ಷಿಗೆ ಜನ ಚಪ್ಪಾಳೆ ಹೊಡೆದರು. ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಮುದುಕಿಗೆ ನಾಚಿಕೆ ನೋಡು ಎಂದು ನಕ್ಕರು. ನಾಚಿಕೆಯೇ ಹೌದು ಜೂಲಿಯೆಟ್, ಆದರೆ ಅವರು ತಿಳಿದ ನಾಚಿಕೆಯಲ್ಲ.

ಖರ್ಜೂರ ಕಳಿಸಿದ್ದೇನೆ, ನಿನ್ನ ಸೊಸೆ ಬಚ್ಚಿಡದಂತೆ ನೋಡಿಕೋ. ದೇವರು ನಿನ್ನ ಮಂಡಿಗೆ ಬಲ ಕೊಡಲಿ, ಮಕ್ಕಳು ಮೊಮ್ಮಕ್ಕಳು ನಿನ್ನ ಸುತ್ತ ತಣ್ಣಗಿರಲಿ.

ಇಷ್ಟು ದಿನ ನಿನ್ನ ಗೆಳತಿ ಎನಿಸಿಕೊಂಡವಳು,
ಅಗಾತಾ

ಮರೆತು ಬಿಟ್ಟದ್ದಲ್ಲ, ಧೈರ್ಯ ಸಾಲದೆ ಕೊನೆಗಿಟ್ಟದ್ದು: ನಮ್ಮ ನೆರೆಮನೆಯ ಎಲೈಜಾಬಾಯಿಯ ಮಗಳ ಮದುವೆಯ ಹಿಂದಿನ ದಿನ, ರೋಸ್ ಶಾಸ್ತ್ರದಲ್ಲಿ, ತೆಂಗಿನಹಾಲು ಎರೆಯುವ ಮೊದಲು ಮದುಮಗಳ ಸರ ತೆಗೆದು ತಟ್ಟೆಯಲ್ಲಿಟ್ಟಿದ್ದರಲ್ಲ. ಅದನ್ನು ನನ್ನ ಅಣ್ಣ ವ್ಯಾಲೆಂಟೈನ್ ಸೊಂಟಕ್ಕೆ ಸಿಕ್ಕಿಸಿಕೊಂಡದ್ದನ್ನು ನಾನು ನೋಡಿದೆ. ಪಾದ್ರಿಗಳು ಒಬ್ಬೊಬ್ಬರನ್ನೇ ಕರೆದು ಕೇಳಿದಾಗ ಶಿಲುಬೆಗೆ ಮುತ್ತಿಟ್ಟು ನಿನ್ನ ಹೆಸರು ಹೇಳಿದೆ. ನಿನ್ನ ಮದುವೆಯ ಸಂಬಂಧ ಮುರಿಯಿತು, ನಿನ್ನನ್ನು ಮುಂಬಯಿಗೆ ಆಯಾ ಕೆಲಸಕ್ಕೆ ಕಳಿಸಿದರು. ಬಸ್ಸಿನ ಹತ್ತಿರ ನನ್ನನ್ನೇ ತಬ್ಬಿಕೊಂಡು "ನೀನೊಬ್ಬಳಾದರೂ ನನ್ನನ್ನು ನಂಬಿದಿಯಲ್ಲಾ" ಎಂದು ಅತ್ತಿದ್ದಿ. ನಾನು ಹೌದೆಂದಿದ್ದೆ.

ಬ್ರ್ಯಾಂಡನ್‌ಗೆ ಕನ್ನಡ ಓದಲು ಬರುವುದಿಲ್ಲ. ಅವನು ಸಿನೆಮಾ ಹಾಕಿದಾಗ, ಕಟಕಟೆಯಲ್ಲಿ ನಿಂತ ಮುದುಕಿ ಯಾರೆಂದು ನೀನೇ ಅವನಿಗೆ ಹೇಳು.